ಅತ್ತೆಯ ಮಂಡಿನೋವು ಮತ್ತು ರಿಮಿನಿ

ಇಟಲಿಯ ಮಿಲಾನಿಗೆ ಬಂದು ಮೂರು ವರ್ಷವಾಗಿದ್ದರೂ ಸಮುದ್ರದ ದಂಡೆಯಲ್ಲಿ ವಾರಗಟ್ಟಲೆ ಇರೋದು ಅಂದ್ರೆ ಏನು ಅಂತ ನಮಗೆ ಗೊತ್ತಿರಲಿಲ್ಲ. ಊರಲ್ಲಿದ್ದಾಗ ಗೋಕರ್ಣ, ಮಲ್ಪೆ ನೋಡಿದ್ದೆವು. ಹೋಗೋದು, ಮೊಣಕಾಲವರೆಗೆ ಬಟ್ಟೆ ಒದ್ದೆ ಮಾಡಿಕೊಳ್ಳೋದು, ಚುರುಮುರಿ ತಿನ್ನೋದು, ಸೂರ್ಯ ಮುಳುಗಿದ ಮೇಲೆ ಬಸ್ ಹತ್ತೋದು. ಅಷ್ಟೇ. ಇಲ್ಲಿಯವರು ಒಂದೇ ಛತ್ರಿಯ ಕೆಳಗೆ ಏಳು ದಿನ ಬಿದ್ದುಕೊಂಡಿರುತ್ತಾರೆ. ಹೋದ ವರ್ಷ ತಿಪಟೂರಿನಿಂದ ಅತ್ತೆ ಬಂದಿದ್ದರು. ಜೂನ್ ಎರಡನೇ ವಾರ ಮಗನಿಗೆ ಶಾಲೆ ಮುಗಿಯುತ್ತಿತ್ತು. ಸರಿ, ನಾವೂ ಒಂದು ಸಲ ನೋಡೇಬಿಡೋಣ ಅಂದುಕೊಂಡೆವು.

ಮೊದಲು ಎಲ್ಲರ ಹಾಗೆ ನಾನೂ ಫೋಟೋ ನೋಡಿಕೊಂಡು ಕೂತೆ. ಪೊಸಿಟಾನೋ ಅಂತ ಅಮಾಲ್ಫಿ ಕರಾವಳಿಯ ಊರು, ಗುಡ್ಡದ ಮೈಗೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ನೀರು. ನಮ್ಮೆಜಮಾನರು ಒಂದೇ ಮಾತು ಕೇಳಿದರು: "ಆ ಮನೆಯಿಂದ ನೀರಿಗೆ ಇಳಿಯೋದು ಹೇಗೆ?" ಮೆಟ್ಟಿಲು. ಬರೀ ಮೆಟ್ಟಿಲು. ಅತ್ತೆಗೆ ಎರಡೂ ಮಂಡಿ ನೋವು. ಚಿಂಕ್ವೆ ತೆರ್ರೆ ಅನ್ನೋ ಕರಾವಳಿಯ ಐದು ಊರಲ್ಲಿ ಮರಳಿನ ದೊಡ್ಡ ಬೀಚ್ ಇರೋದು ಮೊಂತೆರೊಸ್ಸೋದಲ್ಲಿ ಮಾತ್ರ. ಅವುಗಳಲ್ಲೊಂದಾದ ಕೊರ್ನಿಲಿಯಾದಲ್ಲಂತೂ ರೈಲಿಳಿದು ನಡೆದೇ ಊರು ಸೇರೋದಾದರೆ ಸುಮಾರು 380 ಮೆಟ್ಟಿಲು ಹತ್ತಬೇಕು. ಸಾರ್ಡೀನಿಯಾ ದ್ವೀಪದ ನೀರಿನಂಥ ನೀರು ಇನ್ನೆಲ್ಲೂ ಇಲ್ಲ ಅಂತಾರೆ, ಇರಬಹುದು, ಆದರೆ ಅಲ್ಲಿಗೆ ವಿಮಾನ ಇಲ್ಲವೇ ಹಡಗು, ಹೋದಮೇಲೆ ಬೀಚಿಂದ ಬೀಚಿಗೆ ಕಾರು. ಲಾ ಪೆಲೋಸಾ ಅನ್ನೋ ಹೆಸರಾಂತ ಬೀಚಿಗೆ ದಿನಕ್ಕೆ 1500 ಜನರನ್ನಷ್ಟೇ ಬಿಡುತ್ತಾರೆ, ಮೊದಲೇ ಕಾಯ್ದಿರಿಸಬೇಕು, ಟವೆಲ್ಲಿನ ಕೆಳಗೆ ಚಾಪೆ ಹಾಸಬೇಕು. ಮೊದಲ ಸಲಕ್ಕೆ ಇಷ್ಟೆಲ್ಲ ಬೇಡ ಅನ್ನಿಸಿತು.

ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದ್ರೆ ಮೇ ತಿಂಗಳಲ್ಲಿ ಎಲ್ಲರನ್ನೂ ಕರೆದುಕೊಂಡು ಒಂದು ದಿನದ ಮಟ್ಟಿಗೆ ಲಿಗೂರಿಯಾದ ಕಮೋಲಿಗೆ ಹೋಗಿಬಂದದ್ದು. ಮಿಲಾನಿನಿಂದ ರೈಲಿನಲ್ಲಿ ಹತ್ತಿರ. ಊರು ಚಂದ, ಎರಡು ಮಾತಿಲ್ಲ. ಆದರೆ ಬೀಚ್ ಪೂರ್ತಿ ಉರುಟು ಕಲ್ಲು. ಮಗ ಬಕೆಟ್ಟು, ಪುಟ್ಟ ಗುದ್ದಲಿ ಎಲ್ಲ ತಂದಿದ್ದ, ಕಲ್ಲಲ್ಲಿ ಕೋಟೆ ಎಲ್ಲಿ ಕಟ್ಟೋದು? ನೀರಿಗೆ ನಾಲ್ಕು ಹೆಜ್ಜೆ ಇಟ್ಟರೆ ಆಳ. ಅತ್ತೆ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟವರು ನನ್ನ ಭುಜ ಹಿಡಿದುಕೊಂಡು, "ಇದೇನಮ್ಮಾ, ಕೆರೆ ಏರಿ ಮೇಲೆ ಜಲ್ಲಿ ಸುರಿದಂಗಿದೆ" ಅಂದರು. ಕಲ್ಲಿನ ಬೀಚಿಗೆ ಅಂತಲೇ ರಬ್ಬರ್ ಶೂ ಸಿಗುತ್ತದೆ, ಹಾಕಿಕೊಂಡರೆ ಕಷ್ಟವಿಲ್ಲ. ಆದರೆ ಸೀರೆಯ ಕೆಳಗೆ ರಬ್ಬರ್ ಶೂಗೆ ಅವರು ಸುತರಾಂ ಒಪ್ಪಲಿಲ್ಲ.

ಆಮೇಲೆ ಫೋಟೋ ಬಿಟ್ಟು ನಕ್ಷೆ ನೋಡತೊಡಗಿದೆ. ಕೆಳಗೆ ಮರಳಾ ಕಲ್ಲಾ, ನೀರು ಎಷ್ಟು ದೂರದವರೆಗೆ ಆಳವಿಲ್ಲ, ಸ್ಟೇಷನ್ನಿಂದ ರೂಮಿಗೆ, ರೂಮಿಂದ ನೀರಿಗೆ ಎಷ್ಟು ನಡಿಗೆ, ನಡುವೆ ಮೆಟ್ಟಿಲಿದೆಯಾ. ಇವನ್ನೆಲ್ಲ ಇಟ್ಟುಕೊಂಡು ಹುಡುಕಿದಾಗ ಬೆರಳು ತಾನಾಗೇ ಪೂರ್ವದ ಆಡ್ರಿಯಾಟಿಕ್ ಸಮುದ್ರದ ಕಡೆಗೆ, ರಿಮಿನಿಗೆ ಹೋಯಿತು. ಹದಿನೈದು ಕಿಲೋಮೀಟರ್ ಮರಳು, ಮಿಲಾನಿನಿಂದ ನೇರ ರೈಲು, ಊರು ಅಂಗೈಯಂತೆ ಸಮತಟ್ಟು. ಆಫೀಸಿನ ಇಟಾಲಿಯನ್ ಗೆಳತಿ ಮೂಗು ಮುರಿದಳು. "ರಿಮಿನಿನಾ? ಸಂತೆ ಅದು, ನೀರೂ ಮಬ್ಬು." ಅವಳು ಹೇಳಿದ್ದು ಸುಳ್ಳಲ್ಲ. ತಳ ಕಾಣುವ ನೀಲಿ ನೀರು ಬೇಕು ಅನ್ನುವವರು ಅಲ್ಲಿಗೆ ಹೋಗಲೇಬಾರದು. ನಮಗೆ ಬೇಕಾದದ್ದು ಆರು ವರ್ಷದ ಹುಡುಗ ಮುಳುಗದ ನೀರು.

ಅಲ್ಲಿ ದಂಡೆಯ ತುಂಬ 'ಬಾನ್ಯೋ'ಗಳು. ಅಂದ್ರೆ ಛತ್ರಿ, ಮಲಗೋ ಕುರ್ಚಿ ಬಾಡಿಗೆಗೆ ಕೊಡುವವರ ಜಾಗ. (ಈ ಪದಕ್ಕೆ ಇಟಾಲಿಯನ್ನಿನಲ್ಲಿ ಬಚ್ಚಲುಮನೆ ಅಂತಲೂ ಅರ್ಥ, ಮೊದಲ ದಿನ ಅತ್ತೆಗೆ ವಿವರಿಸೋಕೆ ಸಾಕುಬೇಕಾಯ್ತು.) 1843ರಲ್ಲೇ ಇಲ್ಲಿ ಮೊದಲನೆಯದು ಶುರುವಾಯಿತಂತೆ. ಪ್ರತಿಯೊಂದಕ್ಕೂ ಒಂದು ನಂಬರ್. ಆ ನಂಬರ್ ಸುಮ್ನೆ ಅಲ್ಲ, ಬಾಯಿಪಾಠ ಮಾಡಿಕೊಳ್ಳಿ. ನಮ್ಮೆಜಮಾನರು ಐಸ್‌ಕ್ರೀಮ್ ತರಲು ಹೋದವರು ಒಂದೇ ಥರದ ಛತ್ರಿಗಳ ನಡುವೆ ಮುಕ್ಕಾಲು ಗಂಟೆ ಅಲೆದು, ಕೈಯಲ್ಲಿ ಬರೀ ಕೋನ್ ಹಿಡಿದುಕೊಂಡು ಬಂದರು. ನೀರಿಗೆ ಹತ್ತಿರದ ಸಾಲಿಗೆ ರೇಟು ಜಾಸ್ತಿ, ಹಿಂದೆ ಹೋದಂತೆ ಕಡಿಮೆ. ನಾವು ಮೂರನೇ ಸಾಲು ಹಿಡಿದೆವು, ಒಂದು ಛತ್ರಿ ಎರಡು ಕುರ್ಚಿಗೆ ದಿನಕ್ಕೆ 26 ಯೂರೋ ಬಿತ್ತು. ದುಡ್ಡು ಕೊಡಲು ಇಷ್ಟವಿಲ್ಲದಿದ್ದರೆ 'ಸ್ಪ್ಯಾಜಾ ಲೀಬೆರಾ' ಅಂತ ಬೋರ್ಡಿರುವ ಕಡೆ ನಿಮ್ಮದೇ ಛತ್ರಿ ನೆಟ್ಟುಕೊಳ್ಳಬಹುದು. ನೀರಂಚಿನ ಐದು ಮೀಟರ್ ಮಾತ್ರ ಎಲ್ಲ ಕಡೆಯೂ ಎಲ್ಲರದ್ದು, ಅಲ್ಲಿ ಓಡಾಡೋರನ್ನು ಯಾರೂ ತಡೆಯುವಂತಿಲ್ಲ. ಕಂಬದ ಮೇಲೆ ಬಿಳಿ ಬಾವುಟ ಇದ್ದರೆ ನೀರಿಗಿಳಿಯಿರಿ, ಕೆಂಪು ಹಾರಿದರೆ ದಂಡೆಯಲ್ಲೇ ಕೂತಿರಿ.

ಹೋಟೆಲಿನ ವಿಷಯದಲ್ಲಿ ಏಮಾರಿದೆ. ಲಿಫ್ಟ್ ಇದೆ ಎಂದಿದ್ದರು. ಇತ್ತು. ಆದರೆ ಲಿಫ್ಟ್ ಮುಟ್ಟೋಕೆ ಎಂಟು ಮೆಟ್ಟಿಲು. ಫೋನ್ ಮಾಡಿ "ರಸ್ತೆಯಿಂದ ಲಿಫ್ಟಿನವರೆಗೆ ಮೆಟ್ಟಿಲಿದೆಯಾ" ಅಂತಲೇ ಕೇಳಬೇಕಿತ್ತು. ಊಟದ್ದೂ ಹಾಗೇ. ವೆಜಿಟೇರಿಯನ್ ಅಂದದ್ದಕ್ಕೆ ಮೊದಲ ರಾತ್ರಿ ಟೂನಾ ಮೀನು ಹಾಕಿದ ಸಲಾಡ್ ಬಂತು. ಮೀನೂ ಬೇಡ, ಮೊಟ್ಟೆಯೂ ಬೇಡ ಅಂತ ಬಿಡಿಸಿ ಹೇಳಿದ ಮೇಲೆ ಟೊಮೇಟೊ ಸಾಸಿನ ಪಾಸ್ತಾ ಕೊಟ್ಟರು, ಏಳು ದಿನವೂ ಅದನ್ನೇ ಕೊಟ್ಟರು. ಮಧ್ಯಾಹ್ನಕ್ಕೆ ಪಿಯಾದೀನಾ ನಮ್ಮನ್ನು ಕಾಪಾಡಿತು. ದಪ್ಪ ಚಪಾತಿಯಂಥದ್ದು, ಒಳಗೆ ಮೆತ್ತನೆ ಚೀಸು, ಸೊಪ್ಪು. ಒಂದು ಎಚ್ಚರಿಕೆ: ಹಿಟ್ಟಿಗೆ ಹಂದಿ ಕೊಬ್ಬು ಹಾಕೋದು ಅಲ್ಲಿ ಮಾಮೂಲಿ. ಆಲಿವ್ ಎಣ್ಣೆಯದ್ದೂ ಮಾಡುತ್ತಾರೆ, 'ಸೆಂತ್ಸ ಸ್ತ್ರುತ್ತೋ', ಅಂದ್ರೆ ಕೊಬ್ಬಿಲ್ಲದ್ದು ಅಂತ ಕೇಳಿಯೇ ತಗೊಳ್ಳಿ.

ಮೊದಲ ಸಂಜೆ ಅತ್ತೆ ಸಮುದ್ರಕ್ಕೆ ಮುಖಮಾಡಿ ಸೂರ್ಯ ಮುಳುಗೋದನ್ನು ಕಾಯುತ್ತಾ ಕೂತಿದ್ದರು. ಕತ್ತಲಾಗುತ್ತಾ ಬಂತು, ಸೂರ್ಯನ ಸುಳಿವಿಲ್ಲ. ಅವನು ನಮ್ಮ ಬೆನ್ನ ಹಿಂದೆ ಹೋಟೆಲುಗಳ ಆಚೆ ಇಳಿದಿದ್ದ. ಇದು ಪೂರ್ವದ ಕಡಲು, ಇಲ್ಲಿ ಸೂರ್ಯ ನೀರಿನಿಂದ ಹುಟ್ಟುತ್ತಾನೆ ಅಂದೆ. ಮಾರನೇ ದಿನ ಐದು ಗಂಟೆಗೇ ಎದ್ದು ಹೊರಟರು. ಆ ಹೊತ್ತಿಗೆ ಮರಳು ತಣ್ಣಗೆ, ಗಟ್ಟಿಯಾಗಿರುತ್ತದೆ. ಇಟಾಲಿಯನ್ ಅಜ್ಜಿಯರು ಸಾಲಾಗಿ ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದರು, ಮಂಡಿಗೆ ಒಳ್ಳೆಯದಂತೆ. ಸೀರೆ ಎತ್ತಿ ಕಟ್ಟಿ ಅತ್ತೆಯೂ ಸೇರಿಕೊಂಡರು.

ಹಗಲು "ಕೊಕ್ಕೋ ಬೆಲ್ಲೋ" ಅಂತ ಕೂಗುತ್ತಾ ತೆಂಗಿನಕಾಯಿ ಚೂರು ಮಾರುವವನು ಬರುತ್ತಾನೆ. ಒಂದು ಚೂರಿಗೆ 3 ಯೂರೋ. ಅತ್ತೆ ಒಂದು ಕಚ್ಚಿ, ತಿರುಗಿಸಿ ನೋಡಿ, "ಇದಕ್ಕೆ ಮುನ್ನೂರು ರೂಪಾಯಾ? ಚಟ್ನಿಗೂ ಆಗಲ್ಲ" ಎಂದು ಉಳಿದದ್ದನ್ನು ಮೊಮ್ಮಗನ ಕೈಗಿಟ್ಟರು.

ಈ ಸಲವೂ ಅದೇ ಬಾನ್ಯೋಗೆ ಫೋನ್ ಮಾಡಿದ್ದೇನೆ. ಹತ್ತನೇ ಸಾಲು ಸಾಕು ಅಂದೆ. ಮೂರನೇ ಸಾಲಿಗೆ ಜಾಸ್ತಿ ಕೊಟ್ಟದ್ದು ಅತ್ತೆಗೆ ನೀರು ಹತ್ತಿರವಾಗಲಿ ಅಂತ. ಅವರು ಛತ್ರಿಯ ಕೆಳಗೆ ಒಟ್ಟು ಅರ್ಧ ಗಂಟೆಯೂ ಕೂರಲಿಲ್ಲ.