ಹೀಲಾ ಕೋಶಗಳಿಗೆ ಗ್ಲುಟಮಿನ್ ನಿಲ್ಲಿಸಿ ನೋಡಿದೆ

ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳಾದ ಹೀಲಾ ಕೋಶ ಸಾಕುವವರಿಗೆ ಹಳದಿ ಬಣ್ಣದ ಪರಿಚಯ ಚೆನ್ನಾಗಿರುತ್ತದೆ. ಕೋಶಗಳಿಗೆ ಆಹಾರ ಕೊಡುವ ದ್ರವ, ಅಂದರೆ ಮೀಡಿಯಂ, ಹೊಸದಿದ್ದಾಗ ಕೆಂಪಗಿರುತ್ತದೆ, ಎರಡು ಮೂರು ದಿನಕ್ಕೆ ಹಳದಿ. ಕೋಶಗಳು ಗ್ಲೂಕೋಸ್ ತಿಂದು ಲ್ಯಾಕ್ಟಿಕ್ ಆಮ್ಲ ಹೊರಗೆ ಹಾಕುತ್ತವೆ, ಆಗ ಮೀಡಿಯಂನಲ್ಲಿರುವ ಫಿನಾಲ್ ರೆಡ್ ಎಂಬ ಸೂಚಕ ಬಣ್ಣ ಬದಲಿಸುತ್ತದೆ. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಗಳು ಹೀಗೇ ಮಾಡುತ್ತವೆ ಎಂದು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಹಾಗಾಗಿ ನನ್ನ ತಲೆಯಲ್ಲೂ ಸಕ್ಕರೆಯೇ ಕೂತಿತ್ತು.

ಹೋದ ತಿಂಗಳು ಸಕ್ಕರೆ ಹಾಗೇ ಬಿಟ್ಟು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಮಾತ್ರ ತೆಗೆದೆ. ಮೂರು ದಿನ ಕಾದೆ. ನಿಧಾನವಾಗಿಯಾದರೂ ಬೆಳೆಯುತ್ತಲೇ ಇದ್ದವು! ಲ್ಯಾಬಿನ ಸೀನಿಯರ್ ಅಕ್ಕ ಪ್ಲೇಟ್ ನೋಡಿ ಕೇಳಿದ್ದು ಒಂದೇ: "ಸೀರಮ್ ಯಾವುದು ಹಾಕ್ದೆ?" ಸೀರಮ್ ಅಂದರೆ ರಕ್ತದಿಂದ ತೆಗೆದ ದ್ರವ, ಮೀಡಿಯಂಗೆ ಬೆರೆಸುತ್ತೇವೆ. ನಾನು ಹಾಕಿದ್ದು ಮಾಮೂಲಿ ಸೀರಮ್. ಅದರಲ್ಲೇ ಸ್ವಲ್ಪ ಗ್ಲುಟಮಿನ್ ಇರುತ್ತದೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗಾಗಿತ್ತು. ಡಯಾಲಿಸಿಸ್ ಮಾಡಿದ ಸೀರಮ್ ಬೇಕು, ಅದರಲ್ಲಿ ಸಣ್ಣ ಅಣುಗಳು ಹೊರಟುಹೋಗಿರುತ್ತವೆ. ಹೋಲಿಕೆಯ ಪ್ಲೇಟಿಗೆ ಹಾಕುವ, ಗ್ಲುಟಮಿನ್ ಇರುವ ಬಾಟಲಿಯೂ ಹಳೆಯದಾಗಿತ್ತು. ದ್ರಾವಣದಲ್ಲಿ ಅದು ತಾನಾಗಿಯೇ ಒಡೆದು ಅಮೋನಿಯ ಬಿಡುತ್ತದೆ. ಎರಡನ್ನೂ ಬದಲಿಸಿದೆ.

ಈ ಸಲ ಎರಡನೇ ದಿನಕ್ಕೇ ಬೆಳವಣಿಗೆ ನಿಂತಿತು. ಮೂರನೇ ದಿನ ಕೋಶಗಳು ಗುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು. ಮೀಡಿಯಂ ಮಾತ್ರ ಇನ್ನೂ ಕೆಂಪಗೇ ಇತ್ತು. ಆದರೆ ಕೋಶಗಳೇ ಕಡಿಮೆಯಾದರೆ ಆಮ್ಲವೂ ಕಡಿಮೆ ಅಲ್ವಾ? ಬಣ್ಣ ನಂಬದೆ, ಸತ್ತ ಕೋಶಗಳಿಗೆ ಮಾತ್ರ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಹಾಕಿ ಎಣಿಸಿದೆ. ಎಣಿಸುವ ಗಾಜಿನ ಮೇಲಿನ ನಾಲ್ಕು ಚೌಕ, ಮೂರು ಸಲ. ಕಣ್ಣು ನೋಯುವ ಕೆಲಸ.

ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಪಕ್ಕದಲ್ಲೇ ಇತ್ತು. ರಕ್ತ ಪರೀಕ್ಷೆಯ ಲೆಕ್ಕದಲ್ಲಿ ಅದು 450 (ಡೆಸಿಲೀಟರಿಗೆ ಮಿಲಿಗ್ರಾಂ). ನಿಮಗೆ ಅಷ್ಟು ಬಂದರೆ ಡಾಕ್ಟರೇ ಗಾಬರಿಯಾಗುತ್ತಾರೆ. ಆದ್ದರಿಂದ "ಸಕ್ಕರೆ ಬಿಟ್ರೆ ಕ್ಯಾನ್ಸರ್ ಸಾಯುತ್ತಾ?" ಎಂದು ನಮ್ಮತ್ತೆ ಕೇಳಿದಾಗ ನನ್ನ ಪ್ಲೇಟ್ ತೋರಿಸಿ ಉತ್ತರ ಹೇಳಲಾಗುವುದಿಲ್ಲ. ಸಕ್ಕರೆ ಬಿಟ್ಟರೂ ನಮ್ಮ ಯಕೃತ್ತು ಗ್ಲೂಕೋಸ್ ಮಾಡುತ್ತಲೇ ಇರುತ್ತದೆ. ಗ್ಲುಟಮಿನನ್ನು ಸ್ನಾಯುಗಳೇ ಮಾಡಿ ರಕ್ತಕ್ಕೆ ಬಿಡುತ್ತವೆ.

ಆಮೇಲೆ ಕೋಶದೊಳಗೆ ಹೋಗಬಲ್ಲ ರೂಪದ ಆಲ್ಫಾ ಕೀಟೋಗ್ಲುಟರೇಟ್ ಹಾಕಿದೆ. ಗ್ಲುಟಮಿನ್ ಒಡೆದ ಮೇಲೆ ಮೈಟೊಕಾಂಡ್ರಿಯಕ್ಕೆ ಸಿಗುವುದು ಇದೇ. ಕೆಲವು ಕೋಶ ಉಳಿದವು, ಆದರೆ ಮೊದಲಿನಂತೆ ಹೆಚ್ಚಲಿಲ್ಲ. ಇದರಲ್ಲಿ ಇಂಗಾಲವಿದೆ, ಸಾರಜನಕ ಇಲ್ಲ. ಡಿಎನ್‌ಎ ಕಟ್ಟಲು ಅದೂ ಬೇಕು. ಹಾಗಾಗಿ ಜೊತೆಗೆ ಡಿಎನ್‌ಎ ಕಟ್ಟಲು ಬೇಕಾದ ನ್ಯೂಕ್ಲಿಯೊಸೈಡ್ ಸೇರಿಸಿದ ಪ್ಲೇಟ್ ಈಗ ಇನ್‌ಕ್ಯುಬೇಟರಿನಲ್ಲಿದೆ. ನಾಳೆ ಬೆಳಿಗ್ಗೆ ಎಣಿಸಬೇಕು.