ಎಳೆ ಪೇರಲ ಗಿಡಕ್ಕೆ ಕತ್ತರಿ ಹಾಕುವುದು ಹೇಗೆ?

ಬೀದರಿನ ಕೆಂಪು ಮಣ್ಣಿನಲ್ಲಿ ಪೇರಲ ಹಚ್ಚಿದವರು ಮೊದಲು ಮಾಡುವ ತಪ್ಪು ಒಂದೇ, ಗಿಡ ಎತ್ತರಕ್ಕೆ ಹೋಗುತ್ತಿದೆ ಅಂತ ಖುಷಿಪಟ್ಟು ಸುಮ್ನೆ ಬಿಡುವುದು. ನಾನೂ ಬಿಟ್ಟಿದ್ದೆ. ಎರಡು ವರ್ಷಕ್ಕೆ ಗಳದ ಹಾಗೆ ನಿಂತಿತ್ತು, ತುದಿಯಲ್ಲಿ ನಾಲ್ಕೇ ಹೂವು.

ಗಿಡ 60–70 ಸೆಂ.ಮೀ. ಆದಾಗ ತುದಿ ಕತ್ತರಿಸಿ. ಕೆಳಗೆ ಚಿಗುರು ಒಡೆಯುತ್ತವೆ. ಅದರಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ 3–4 ಟೊಂಗೆ ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಅವು 40–50 ಸೆಂ.ಮೀ. ಬೆಳೆದ ಮೇಲೆ ಅರ್ಧಕ್ಕೆ ಕತ್ತರಿಸಿ. ಕರುಳು ಚುರ್ ಅನ್ನುತ್ತದೆ, ಆದರೂ ಕತ್ತರಿಸಿ, ಯಾಕಂದ್ರೆ ಪೇರಲ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹೀಗಾಗಿ ಎಷ್ಟು ಚಿಗುರು ಒಡೆಯುತ್ತದೋ ಹೂವಿಗೆ ಅಷ್ಟು ಜಾಗ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಿ.

ಮಾವಿಗೆ ಇದೇ ಲೆಕ್ಕ ಹಾಕಬೇಡಿ. ಅದು ಬಲಿತ ಟೊಂಗೆಯ ತುದಿಯಲ್ಲಿ ಹೂ ಬಿಡುತ್ತದೆ, ದೀಪಾವಳಿ ಹೊತ್ತಿಗೆ ಕತ್ತರಿಸಿದರೆ ಆ ವರ್ಷದ ಹೂವು ಹೋಯಿತು ಅಂತಲೇ ತಿಳಿಯಿರಿ. ಕಾಯಿ ಇಳಿಸಿದ ಮೇಲೆ ತಡ ಮಾಡದೆ ಮುಗಿಸಿಬಿಡಿ.

ಕತ್ತರಿಸಿದ ಜಾಗಕ್ಕೆ ಬೋರ್ಡೋ ಮುಲಾಮು, ಅಂದ್ರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಲೇಪ, ಹಚ್ಚಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಜಾಸ್ತಿ ಬೋಳು ಮಾಡಿದರೆ ತೊಗಟೆ ಸುಟ್ಟು ಸೀಳುತ್ತದೆ. ಕಾಂಡಕ್ಕೆ ಸುಣ್ಣದ ನೀರು ಬಳಿಯಿರಿ, ನೆರಳಿಗೆ ಒಂದಿಷ್ಟು ಎಲೆ ಬಿಡಿ.