ಜರಿಯವರು ಬೇಡ ಅಂದ ಸೀರೆಯಲ್ಲೇ ನನ್ನ ಲಾಭ

ಹಳೇ ರೇಷ್ಮೆ ಸೀರೆ ಮಾರಿ ಈಗ ಎಲ್ಲ ಖರ್ಚು ಕಳೆದು ತಿಂಗಳಿಗೆ ಹೆಚ್ಚೂಕಡಿಮೆ 40 ಸಾವಿರ ಉಳಿಯುತ್ತಿದೆ. ಶ್ರಾವಣದಿಂದ ದೀಪಾವಳಿವರೆಗೆ ಜಾಸ್ತಿ. ಆಷಾಢದಲ್ಲಿ ಬಾಡಿಗೆ ಕಟ್ಟುವಷ್ಟು ಬಂದರೆ ಪುಣ್ಯ. "ಯಾರೋ ಉಟ್ಟಿದ್ದು, ಸತ್ತವರದ್ದೋ ಏನೋ, ದುಡ್ಡು ಕೊಟ್ಟು ಯಾರು ತಗೋತಾರೆ" ಅಂದಿದ್ದ ನಮ್ಮ ಅತ್ತಿಗೆಯೇ ಹೋದ ಗೌರಿ ಹಬ್ಬಕ್ಕೆ ಎರಡು ಸೀರೆ ತೆಗೆದಿಡಿಸಿಕೊಂಡರು. ರಿಯಾಯ್ತಿ ಕೊಡಲಿಲ್ಲ.

ಶುರುವಿನಲ್ಲಿ ಎಲ್ಲರ ಹಾಗೆ ನಾನೂ ದೊಡ್ಡ ಅಂಚಿನ ಕಂಚಿ ಸೀರೆಗಳ ಹಿಂದೆ ಬಿದ್ದೆ. ಆ ಸೀರೆಗೆ ನಮಗಿಂತ ಮುಂಚೆ ಗಿರಾಕಿ ಇರುತ್ತಾನೆ, ಜರಿ ಕೊಳ್ಳುವವನು. ಅಂಚು ಉಜ್ಜಿ ನೋಡಿ, ತೂಕ ಹಾಕಿ, ನಿಂತಲ್ಲೇ ದುಡ್ಡು ಎಣಿಸುತ್ತಾನೆ. ಅವನಿಗೆ ಕಲೆ, ಹರಿದದ್ದು, ವಾಸನೆ ಯಾವುದೂ ಲೆಕ್ಕಕ್ಕಿಲ್ಲ, ಹೇಗೂ ಸುಟ್ಟು ಬೆಳ್ಳಿ ತೆಗೆಯುವವನು. ಅವನ ಮೇಲೆ ಪೈಪೋಟಿ ಮಾಡಿ 9 ಸಾವಿರಕ್ಕೆ ಒಂದು ಸೀರೆ ತಗೊಂಡರೆ, ಹನ್ನೊಂದಕ್ಕೆ ಹೋಗುತ್ತಿತ್ತು. ಪಾಲಿಷ್, ಫಾಲ್ಸ್, ಕೊರಿಯರ್ ಕಳೆದರೆ ಕೈಗೆ ಸಾವಿರ. ಅದರಲ್ಲೂ ಐದರಲ್ಲಿ ಒಂದು ಸೀರೆ ಮಡಿಕೆಯಲ್ಲೇ ಸೀಳುತ್ತಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಹೊರಗೆ ಚೆನ್ನಾಗಿಯೇ ಕಾಣುತ್ತೆ, ಎಳೆದು ಕಟ್ಟಿದಾಗಲೇ ಅದರ ಬಣ್ಣ ಬಯಲು. ಮೊದಲ ವರ್ಷ ಒಟ್ಟು ಒಂದೂಕಾಲು ಲಕ್ಷದ ಹತ್ತಿರ ಹಾಕಿದ್ದೆ. ವಾಪಸ್ ಬಂದದ್ದು ಲಕ್ಷವೂ ಇಲ್ಲ. ಬೆಳ್ಳಿ ಕೆಜಿಗೆ ಲಕ್ಷ ದಾಟಿದ ಮೇಲಂತೂ ದೊಡ್ಡ ಅಂಚಿನ ಸೀರೆ ನಮ್ಮಂಥವರ ಕೈಗೆ ಸಿಗುವ ಮಾತೇ ಇಲ್ಲ.

ನನ್ನ ಲೆಕ್ಕ ತಿರುಗಿದ್ದು ಜರಿಯವರು ಪಕ್ಕಕ್ಕೆ ಎಸೆಯುತ್ತಿದ್ದ ಸೀರೆಗಳನ್ನು ನೋಡಿ. ಸಣ್ಣ ಅಂಚಿನ ಮೈಸೂರು ಸಿಲ್ಕ್ ಕ್ರೇಪ್. ಅರ್ಧ ಇಂಚು, ಒಂದು ಇಂಚು ಜರಿ, ಉಳಿದದ್ದೆಲ್ಲ ಪ್ಲೇನ್. ಅವರಿಗೆ ಜರಿಯೇ ಸೀರೆ, ಹಾಗಾಗಿ 500–600 ಹೇಳುತ್ತಾರೆ. ಉಡುವವಳಿಗೆ ಬಟ್ಟೆಯ ಮೈಯೇ ಸೀರೆ. ಹಗುರ, ನೆರಿಗೆ ಚೆನ್ನಾಗಿ ಬೀಳುತ್ತೆ, ಆಫೀಸಿಗೂ ಉಡಬಹುದು. ನಾನು ಮನೆಯವರಿಗೆ ಜರಿಯವನ ರೇಟಿನ ಎರಡು ಪಟ್ಟಿಗೂ ಜಾಸ್ತಿ ಕೊಡುತ್ತೇನೆ, 1,200ರಿಂದ 1,500. ಕೊಡುವವರಿಗೂ ಖುಷಿ, ಅಮ್ಮನ ಸೀರೆ ಒಲೆಗೆ ಹೋಗಲಿಲ್ಲ ಅಂತ. ಮಾರುವುದು ನಾಲ್ಕೂವರೆಯಿಂದ ಆರು ಸಾವಿರಕ್ಕೆ. ಕ್ಲೀನಿಂಗ್, ರಫೂ, ಪ್ಯಾಕಿಂಗ್ ಎಲ್ಲ ಸೇರಿ 700 ಹಿಡಿಯಿರಿ.

ಈಗೀಗ ಮನೆಯವರೂ ಓದಿಕೊಂಡೇ ಬರುತ್ತಾರೆ. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಜರಿಯಲ್ಲಿ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಇದೆಯಂತೆ ಅಂತ ರೇಟು ಏರಿಸುತ್ತಾರೆ. ಸರಿ, ಇದೆ. ಅರ್ಧ ಇಂಚು ಅಂಚಿನಲ್ಲಿ ಎಷ್ಟು ಗ್ರಾಂ ಇರುತ್ತೆ ಹೇಳಿ? ಅವರ ಮುಂದೆಯೇ ಜರಿಯವನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕುತ್ತೇನೆ, ಚೌಕಾಸಿ ಮುಗಿಯುತ್ತದೆ. ಇನ್ನು ಕೆಲವರು "ನೂರು ವರ್ಷದ ಮೈಸೂರು ಸಿಲ್ಕ್" ಅಂತ ತರುತ್ತಾರೆ. ಕಾರ್ಖಾನೆ ನಾಲ್ವಡಿಯವರ ಕಾಲದ್ದು, 1912ರದ್ದು, ನಿಜ. ಆದರೆ ನನ್ನ ಕೈಗೆ ಬಂದವು ಬಹುತೇಕ ಎಪ್ಪತ್ತು–ಎಂಬತ್ತರ ದಶಕದ ಮದುವೆ ಸೀರೆಗಳು. ಅವೇ ಸಾಕು.

ಮೂಟೆ ಲೆಕ್ಕದಲ್ಲಿ ಮಾತ್ರ ತಗೋಬೇಡಿ. ಒಬ್ಬ ವ್ಯಾಪಾರಿ 28 ಸಾವಿರಕ್ಕೆ ಒಂದು ಗಂಟು ಕೊಟ್ಟ. ಮೇಲಿನ ಏಳೆಂಟು ಅಸಲಿ, ಕೆಳಗಿನದೆಲ್ಲ ಟೆಸ್ಟೆಡ್ ಜರಿ, ಅಂದರೆ ಒಳಗೆ ತಾಮ್ರದ ಎಳೆ. ಅಂಚಿನ ಮಡಿಕೆಯಲ್ಲಿ ತಾಮ್ರ ಹಸಿರುಗಟ್ಟಿತ್ತು. ಹದಿನೇಳು ಸಾವಿರ ಏನೋ ವಾಪಸ್ ಬಂತು. ಇನ್ನೊಂದು ಪೆಟ್ಟು ಪಾಲಿಷ್ ಅಂಗಡಿಯಿಂದ. ಹಳೇ ಸೀರೆ, ಎಳೆದು ಸುತ್ತುವ ರೋಲಿಗೆ ಹಾಕಬೇಡಿ ಅಂತ ಹೇಳಿ ಬಂದಿದ್ದರೂ ಹಾಕಿದರು. ನಾಲ್ಕು ಸೀರೆ ಉದ್ದಕ್ಕೆ ಬಿರಿದವು, ಬಿಲ್ಲಿನಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ. ಈಗ ಕೈ ಇಸ್ತ್ರಿ ಮಾಡುವ ಒಬ್ಬರಿದ್ದಾರೆ, ಸೀರೆಗೆ 80 ರೂಪಾಯಿ. ಅವರ ನಂಬರ್ ಯಾರಿಗೂ ಕೊಡಲ್ಲ. ನುಸಿಗುಳಿಗೆ ವಾಸನೆ ನಾಲ್ಕೇ ದಿನದಲ್ಲಿ ಹೋಗಿಸುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ, ಅದನ್ನೂ ಹೇಳಲ್ಲ. ಬಿಸಿಲು ಅಲ್ಲ, ಸೆಂಟ್ ಅಲ್ಲ, ಅಷ್ಟು ಹೇಳಬಲ್ಲೆ. ಕ್ರೇಪನ್ನು ನೀರಿಗೆ ಹಾಕಿದರೆ ಕುಗ್ಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮಾರಲು ಹಾಕುವ ಫೋಟೊದಲ್ಲಿ ಮೊದಲು ದೋಷ ತೋರಿಸುತ್ತೇನೆ. ಕಲೆ, ರಫೂ, ಕಪ್ಪಾದ ಜರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ಚಂದದ ಫೋಟೊ ಆಮೇಲೆ. ಹೀಗೆ ಮಾಡಿದರೆ ಒಂದೂ ಹೋಗಲ್ಲ ಅಂತ ಈ ಕೆಲಸದಲ್ಲೇ ಇರುವ ಗೆಳತಿ ನಕ್ಕಿದ್ದಳು. ಮುಂಚೆ ಹತ್ತರಲ್ಲಿ ಮೂರು ವಾಪಸ್ ಬರುತ್ತಿದ್ದವು, ಈಗ ತಿಂಗಳಿಗೆ ಒಂದು ಬಂದರೆ ಹೆಚ್ಚು. ವಾಪಸ್ ಅಂದರೆ ಎರಡು ಕಡೆ ಕೊರಿಯರ್ ನಮ್ಮ ತಲೆಗೇ, ಅಲ್ವಾ?

ಇಳಕಲ್ ಕಡೆ ಹೋದದ್ದು ಬೇರೆ ಕತೆ. ಅಲ್ಲಿ ಹಳೇ ಸೀರೆ ಕೌದಿಗೆ ಹೋಗುತ್ತದೆ, ಇಲ್ಲವಾದರೆ ಸ್ಟೀಲ್ ಪಾತ್ರೆ ಮಾರುವವರ ಬುಟ್ಟಿಗೆ. ಹತ್ತಿಯ ಮೈ ಸವೆದು ಹೋಗಿರುತ್ತದೆ, ಟೋಪ ತೆನಿ ಅನ್ನುವ ಇಳಕಲ್ ವಿನ್ಯಾಸದ ಸೆರಗು ಮಾತ್ರ ಹೊಸದರ ಹಾಗೆ ಕೆಂಪಗೆ ಇರುತ್ತದೆ. ಸೀರೆಗೆ 150–200 ಕೊಟ್ಟು ತಂದು, ಸೆರಗು ಕತ್ತರಿಸಿ ಒಳಗೆ ತೆಳು ಹತ್ತಿಯ ಮಲ್ ಬಟ್ಟೆ ಕೊಟ್ಟು ಸ್ಟೋಲ್ ಹೊಲಿಸಿದೆ. ಹೊಲಿಗೆ 120, ಮಾರಿದ್ದು ಸಾವಿರದ ಹತ್ತಿರ. ಸೆರಗು ರೇಷ್ಮೆಯದ್ದಾದರೆ ಮಾತ್ರ ಈ ಆಟ, ಚಮಕಾ, ಅಂದರೆ ಕೃತಕ ರೇಷ್ಮೆ ಆದರೆ ಮುನ್ನೂರಕ್ಕೂ ಕೇಳಲ್ಲ. ಒಂದು ಎಳೆ ಸುಟ್ಟರೆ ಗೊತ್ತಾಗುತ್ತೆ. ಒಮ್ಮೆ ಅದೇ ಗಂಟಿನಲ್ಲಿ ಕೈ ಕಸೂತಿಯ ಕಪ್ಪು ಸೀರೆ ಸಿಕ್ಕಿತು. ಹಿಂದೆ ತಿರುಗಿಸಿದರೆ ಒಂದೂ ಗಂಟಿಲ್ಲ, ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ. ನ್ಯೂಜೆರ್ಸಿಯಲ್ಲಿರುವ ಧಾರವಾಡದವರೊಬ್ಬರು 7 ಸಾವಿರಕ್ಕೆ ತಗೊಂಡರು. ಸೀರೆ ಹೋದದ್ದು ಅವರ ಅಮ್ಮನ ಸೂಟ್‌ಕೇಸಿನಲ್ಲಿ, ಹಾಗಾಗಿ ಕೊರಿಯರ್ ಇಲ್ಲ.

ಕಲೆ ಬಿದ್ದ ಕೆನೆ ಬಣ್ಣದ ಸೀರೆಗಳಿಗೆ ಚಹಾ ಡಿಕಾಕ್ಷನ್ ಬಣ್ಣ ಹಾಕಿ ನೋಡಿದೆ. ನೆಂದ ಗೋಡೆಯ ಹಾಗಾಯಿತು. ಫೋಟೊಶೂಟಿಗೆ ಬಾಡಿಗೆ ಕೊಟ್ಟೆ, ದಿನಕ್ಕೆ 500. ಭುಜದ ಹತ್ತಿರ ಮೇಕಪ್ ಬಳಿದುಕೊಂಡು ಬಂದವು. ಡೆಪಾಸಿಟ್ಟಿಗಿಂತ ಕ್ಲೀನಿಂಗ್ ಜಾಸ್ತಿ. ಎರಡನ್ನೂ ಬಿಟ್ಟೆ.

ನಾಲ್ಕು ತಿಂಗಳಲ್ಲಿ ಹೋಗದ ಸೀರೆ ಬೀರುವಿನಲ್ಲಿ ಇರಬಾರದು ಅಂತ ಇಟ್ಟುಕೊಂಡಿದ್ದೇನೆ. ಅಂಚು ಬಿಚ್ಚಿ ಮೀಟರ್ ಲೆಕ್ಕದಲ್ಲಿ, ಮೈ ಬ್ಲೌಸ್ ಪೀಸ್ ಲೆಕ್ಕದಲ್ಲಿ ಕೊಡುತ್ತೇನೆ. ಸೀಳಿದ ಸೀರೆಯಿಂದಲೂ ಹಾಕಿದ ದುಡ್ಡು ಹುಟ್ಟುವುದು ಹೀಗೆ. ಖರೀದಿಗೆ ಒಳ್ಳೇ ಕಾಲ ಯುಗಾದಿಗೆ ಮುಂಚೆ, ಬೀರು ಖಾಲಿ ಮಾಡುವಾಗ. ಆಮೇಲೆ ಆಷಾಢ. ಮಾರಾಟ ಇಲ್ಲದ ಆ ತಿಂಗಳಿಗೆ ಅಂತಲೇ 30 ಸಾವಿರ ಪಕ್ಕಕ್ಕೆ ಇಟ್ಟಿರುತ್ತೇನೆ.